ಮಾಲಿಗೆ ಮಡಿ, ಕೈಗೆ ಮೈಲಿಗೆ

೧

ರೋಬೋಟ್ ಎಂಬ ಶಬ್ದದ ಬೇರಿನಲ್ಲಿ ಬಿಟ್ಟಿಚಾಕರಿ ಇದೆ. ೧೯೨೦ರಲ್ಲಿ ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕ ಒಂದು ನಾಟಕ ಬರೆದ. ಮನುಷ್ಯರ ಬದಲಿಗೆ ದುಡಿಯಲೆಂದು ಕಾರ್ಖಾನೆಯಲ್ಲಿ ತಯಾರಾದ ಆಳುಗಳ ಕತೆ ಅದು. ಆ ಆಳುಗಳಿಗೆ ಏನು ಹೆಸರಿಡುವುದೆಂದು ತಿಳಿಯದಾದಾಗ ಅವನ ಅಣ್ಣ ಜೋಸೆಫ್ ಕೊಟ್ಟ ಶಬ್ದ 'ರೋಬೋಟ್'. ಚೆಕ್ ಭಾಷೆಯಲ್ಲಿ 'ರೊಬೊತಾ' ಅಂದರೆ ಜಮೀನ್ದಾರನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಲೇಬೇಕಾದ ದುಡಿಮೆ. ನಮ್ಮ ಕೇರಿಯ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಶಬ್ದ ಗೊತ್ತಿಲ್ಲದಿದ್ದರೂ ಅದರ ರುಚಿ ಅವರಿಗೆ ಗೊತ್ತು.

ಈ ಶಬ್ದ ಹುಟ್ಟಿ ನೂರು ವರ್ಷ ದಾಟಿತು. ಇವತ್ತು ರೋಬೋಟ್ ಅಂದರೆ ಮನುಷ್ಯನನ್ನು ಬಿಟ್ಟಿಯಿಂದ, ಕತ್ತೆದುಡಿಮೆಯಿಂದ ಬಿಡಿಸುವ ಯಂತ್ರ ಎಂದು ಹೇಳುತ್ತಾರೆ. ಅಂಥ ಯಂತ್ರ ಮಾಡುವ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಪರ್ಚೇಸ್ ವಿಭಾಗದಲ್ಲಿದ್ದೇನೆ. ಯಂತ್ರದ ನಕ್ಷೆ ಹಾಕುವವರು ಬೇರೆ, ಜೋಡಿಸುವವರು ಬೇರೆ. ಯಾವ ಬಿಡಿಭಾಗ ಯಾವ ದೇಶದಿಂದ, ಯಾವ ದರಕ್ಕೆ, ಎಷ್ಟು ವಾರದಲ್ಲಿ ಬರುತ್ತದೆ ಎಂದು ನೋಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. 'ಮಗ ಆಫೀಸಲ್ಲವನೆ, ಕೈ ಕೆಸರು ಮಾಡ್ಕಳದಿಲ್ಲ' ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಾಳೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ನನ್ನ ಕೈ ಕೆಸರಾಗದೆ ನಡೆಯುವ ಈ ಕೆಲಸದ ಇನ್ನೊಂದು ತುದಿಯಲ್ಲಿ ಯಾರ ಕೈ ಕೆಸರಾಗುತ್ತಿದೆ ಎಂಬುದು ಈ ಬರಹದ ಪ್ರಶ್ನೆ. ಆ ಕೈಗೂ ನನಗೂ, ಆ ಯಂತ್ರ ಕೊಳ್ಳುವವನಿಗೂ ಏನಾದರೂ ಋಣವಿದೆಯೆ? ಇದ್ದರೆ ಅದು ಎಂಥ ಋಣ?

೨

ನಮ್ಮಲ್ಲಿ ಒಂದು ಪಟ್ಟಿ ಇರುತ್ತದೆ. 'ಬಿಲ್ ಆಫ್ ಮೆಟೀರಿಯಲ್ಸ್' ಅನ್ನುತ್ತಾರೆ. ಆರು ಕೀಲಿನ ಒಂದು ಯಂತ್ರದ ತೋಳನ್ನು ಮಾಡಬೇಕಾದರೆ ಆರು ಮೋಟರು, ಆರು ಗೇರ್‌ಪೆಟ್ಟಿಗೆ, ಕೀಲು ಎಷ್ಟು ತಿರುಗಿತೆಂದು ಹೇಳುವ ಎನ್‌ಕೋಡರುಗಳು, ಬೇರಿಂಗು, ವೈರು, ಕನೆಕ್ಟರು, ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಅಕ್ಕಿನುಚ್ಚಿನಷ್ಟು ಸಣ್ಣ ಬಿಡಿಭಾಗಗಳು, ಕೊನೆಗೆ ಸ್ಕ್ರೂ, ವಾಷರು. ಎಲ್ಲಕ್ಕೂ ಒಂದೊಂದು ಸಾಲು. ಪ್ರತಿ ಸಾಲಿಗೂ ಕಾಲಂಗಳು: ಭಾಗದ ಸಂಖ್ಯೆ, ವಿವರ, ಎಷ್ಟು ಬೇಕು, ಬೆಲೆ, ಯಾರು ಕೊಡುತ್ತಾರೆ, ಎಷ್ಟು ದಿನಕ್ಕೆ ಬರುತ್ತದೆ, ಇವನು ಕೈಕೊಟ್ಟರೆ ಬೇರೆ ಯಾರು. ಒಂದು ರೂಪಾಯಿಯ ವಾಷರಿಗೂ ಈ ಪಟ್ಟಿಯಲ್ಲಿ ಜಾಗ ಉಂಟು. ಯಾರು ಮಾಡಿದರು ಎಂಬುದಕ್ಕೆ ಕಾಲಂ ಇಲ್ಲ.

ಇದನ್ನು ನೋಡಿದಾಗಲೆಲ್ಲ ನನಗೆ ಬೌದ್ಧರ ಮಿಲಿಂದ ಪನ್ಹದ ರಥದ ಪ್ರಸಂಗ ನೆನಪಾಗುತ್ತದೆ. ಮಿಲಿಂದನೆಂಬ ಗ್ರೀಕ್ ದೊರೆ ರಥದಲ್ಲಿ ಬಂದಿಳಿಯುತ್ತಾನೆ. ನಾಗಸೇನನೆಂಬ ಭಿಕ್ಷು ಅವನನ್ನು ಕೇಳುತ್ತಾನೆ: ಗಾಲಿ ರಥವೆ? ಅಚ್ಚು ರಥವೆ? ನೊಗ ರಥವೆ? ದೊರೆ ಎಲ್ಲದಕ್ಕೂ ಅಲ್ಲ ಅಲ್ಲ ಅನ್ನುತ್ತಾ ಹೋಗುತ್ತಾನೆ. ಹಾಗಾದರೆ ನೀನು ಬಂದ ರಥ ಯಾವುದು ಎಂದು ಭಿಕ್ಷು ಕೇಳಿದಾಗ ದೊರೆಗೆ ಹೊಳೆಯುತ್ತದೆ: ಇವೆಲ್ಲ ಒಂದನ್ನೊಂದು ಆಶ್ರಯಿಸಿದಾಗ ಮಾತ್ರ ರಥವೆಂಬ ಹೆಸರು. ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟಿದ್ದಲ್ಲ.

ನಾಗಸೇನ ಮನುಷ್ಯನಲ್ಲಿ ಸ್ಥಿರವಾದ ಆತ್ಮವಿಲ್ಲವೆಂದು ತೋರಿಸಲು ಈ ಮಾತು ಆಡಿದ. ನಾವು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋಗಬೇಕು. ರಥವನ್ನು ಬಿಚ್ಚಿದರೆ ಗಾಲಿ ಸಿಗುತ್ತದೆ, ಸರಿ. ಗಾಲಿಯನ್ನು ಬಿಚ್ಚಿದರೆ? ಮರ ಕಡಿದವನು, ಕಬ್ಬಿಣ ಕಾಯಿಸಿದವನು, ತೊಗಲು ಹದ ಮಾಡಿದವನು ಸಿಗುತ್ತಾರೆ. ಎಲ್ಲವೂ ಎಲ್ಲವನ್ನೂ ಆಶ್ರಯಿಸಿದೆ ಎಂದು ಧ್ಯಾನದಲ್ಲಿ ಕೂತು ಹೇಳುವುದು ಸುಲಭ. ಯಾರು ಯಾರ ಬೆನ್ನ ಮೇಲೆ ಆಶ್ರಯಿಸಿದ್ದಾರೆ ಎಂದು ಕೇಳಿದಾಗ ಜಗಳ ಶುರುವಾಗುತ್ತದೆ.

ಜಗಳ ಶುರು ಮಾಡೋಣ. ಪಟ್ಟಿಯ ಕೆಲವು ಸಾಲುಗಳನ್ನು ಬಿಚ್ಚೋಣ.

೩

ಮೋಟರಿನೊಳಗೆ ಅಯಸ್ಕಾಂತ ಇರುತ್ತದೆ. ಶಾಲೆಯಲ್ಲಿ ನೋಡಿದ ಕುದುರೆಲಾಳದ್ದಲ್ಲ. ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ್ದು. ೧೯೮೦ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡುಹಿಡಿದದ್ದು. ಇದರಿಂದಲೇ ಬೆರಳಗಲದ ಮೋಟರಿಗೂ ತೋಳೆತ್ತುವ ಶಕ್ತಿ ಬಂದದ್ದು. ಬಿಸಿಯಲ್ಲೂ ಅದರ ಶಕ್ತಿ ಕುಂದಬಾರದೆಂದು ಡಿಸ್ಪ್ರೋಸಿಯಮ್, ಟರ್ಬಿಯಮ್ ಎಂಬ ಧಾತುಗಳನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಈ ಚಿಟಿಕೆಯ ದೊಡ್ಡ ಪಾಲು ಬರುವುದು ದಕ್ಷಿಣ ಚೀನಾದ ಮಣ್ಣಿನಿಂದ ಮತ್ತು ಅದರ ಗಡಿಗೆ ಅಂಟಿಕೊಂಡ ಬರ್ಮಾದ ಕಾಚಿನ್ ಸೀಮೆಯಿಂದ. ಅಲ್ಲಿ ಗುಡ್ಡಕ್ಕೆ ತೂತು ಕೊರೆದು ಅಮೋನಿಯಂ ಸಲ್ಫೇಟಿನ ನೀರನ್ನು ಒಳಗೆ ಬಿಡುತ್ತಾರೆ. ಅದು ಮಣ್ಣಿನ ಸಾರವನ್ನು ಎಳೆದುಕೊಂಡು ಕೆಳಗಿಳಿಯುತ್ತದೆ, ತೊಟ್ಟಿಗಳಲ್ಲಿ ಹಿಡಿಯುತ್ತಾರೆ. ಮಿಕ್ಕಿದ್ದು ಹಳ್ಳಕ್ಕೆ. ಗುಡ್ಡ ಕುಸಿಯುತ್ತದೆ, ಹಳ್ಳದ ನೀರು ಕೆಡುತ್ತದೆ. ಆ ಹಳ್ಳದ ಕೆಳಗೆ ಊರುಗಳಿವೆ.

೨೦೨೫ರ ಏಪ್ರಿಲ್ ೪ರಂದು ಚೀನಾ ಸರ್ಕಾರ ಡಿಸ್ಪ್ರೋಸಿಯಮ್, ಟರ್ಬಿಯಮ್ ಸೇರಿ ಏಳು ಧಾತುಗಳ ಮತ್ತು ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಬೀಗ ಹಾಕಿತು. ಜಗತ್ತಿನ ಮೋಟರು ಕಾರ್ಖಾನೆಗಳೆಲ್ಲ ಗಾಬರಿಬಿದ್ದವು. ನಮ್ಮಂಥ ಪರ್ಚೇಸ್‌ನವರು ದಿನವೆಲ್ಲ ಫೋನು ಹಿಡಿದುಕೊಂಡು ಕೂತೆವು. ಅದೇ ನವೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ ಅಯಸ್ಕಾಂತಗಳನ್ನು ಇಲ್ಲೇ ಮಾಡಲು ೭,೨೮೦ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಇದನ್ನು ಗಮನಿಸಿ: ಕಾಚಿನ್ ಗುಡ್ಡ ವರ್ಷಗಟ್ಟಲೆ ಕುಸಿಯುತ್ತಿದ್ದಾಗ ಪಟ್ಟಿಯ ಯಾವ ಸಾಲೂ ಅಲುಗಲಿಲ್ಲ. ಮಾಲು ನಿಂತ ದಿನ ಇಡೀ ಜಗತ್ತು ಎದ್ದು ಕೂತಿತು.

ಬ್ಯಾಟರಿಯ ಸಾಲು. ಲಿಥಿಯಂ ಬ್ಯಾಟರಿಗಳಲ್ಲಿ ಒಂದು ಬಗೆಗೆ ಕೋಬಾಲ್ಟ್ ಬೇಕು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಕಾಂಗೋ ಒಂದೇ ದೇಶದ್ದು. ಅಲ್ಲಿ ದೊಡ್ಡ ಯಂತ್ರಗಣಿಗಳೂ ಇವೆ, ಹಾರೆ ಹಿಡಿದು ಬಿಲದಂಥ ಸುರಂಗಕ್ಕೆ ಇಳಿಯುವ ಜನರೂ ಇದ್ದಾರೆ. ಅವರ ಅದಿರನ್ನು ದಲ್ಲಾಳಿ ಕೊಳ್ಳುತ್ತಾನೆ, ದಲ್ಲಾಳಿಯದನ್ನು ಡಿಪೋ, ಡಿಪೋದ್ದನ್ನು ಕರಗಿಸುವವನು. ಮಕ್ಕಳೂ ಈ ಅದಿರನ್ನು ಆಯುತ್ತಾರೆ, ತೊಳೆಯುತ್ತಾರೆ ಎಂದು ಆಮ್ನೆಸ್ಟಿ ಇಂಟರ್‌ನ್ಯಾಶನಲ್ ೨೦೧೬ರಲ್ಲಿ ವರದಿ ಮಾಡಿತು. ಕುಲುಮೆಯಲ್ಲಿ ಕರಗಿದ ಮೇಲೆ ಯಾವುದು ಯಂತ್ರದ್ದು, ಯಾವುದು ಮಗುವಿನದು ಎಂದು ಯಾರು ಹೇಳಬೇಕು?

ಬೋರ್ಡಿನ ಬೆಸುಗೆಗೆ ತವರ ಬೇಕು. ಅದಕ್ಕಾಗಿ ಇಂಡೊನೇಷ್ಯಾದ ಬಂಗ್ಕಾ ದ್ವೀಪದ ನೆಲವನ್ನು ಹುಣ್ಣಿನಂತೆ ತೋಡಿದ್ದಾರೆ, ಈಗ ಸಮುದ್ರದ ತಳವನ್ನೂ ತೋಡುತ್ತಿದ್ದಾರೆ. ಕನೆಕ್ಟರಿನ ಮೇಲೆ ತೆಳುವಾಗಿ ಚಿನ್ನದ ಲೇಪ ಇರುತ್ತದೆ. ಚಿನ್ನದ ಮಾತು ನಮಗೆ ದೂರದ್ದಲ್ಲ. ಕೆ.ಜಿ.ಎಫ್. ಗಣಿಯಲ್ಲಿ ಮೈಲುಗಟ್ಟಲೆ ಆಳಕ್ಕಿಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಎದೆಗೆ ಕಲ್ಲಿನ ದೂಳು ತುಂಬಿಕೊಂಡು ಅವರು ಎತ್ತಿದ ಚಿನ್ನ ಎಲ್ಲೆಲ್ಲಿಗೋ ಹೋಯಿತು. ೨೦೦೧ರಲ್ಲಿ ಗಣಿ ಮುಚ್ಚಿತು. ಊರಲ್ಲಿ ಉಳಿದದ್ದು ಸೈನೈಡಿನ ಮಣ್ಣಿನ ದಿಬ್ಬಗಳು.

ಶಾಖಕ್ಕೂ ವಿದ್ಯುತ್ತಿಗೂ ತಡೆಯಾಗಿ ಹಾಕುವ ಹಾಳೆ ಅಭ್ರಕದ್ದು. ನಮ್ಮ ಕಡೆ ಕಾಗೆಬಂಗಾರ ಅನ್ನುತ್ತಾರೆ. ಜಾರ್ಖಂಡಿನ ಕೊಡರ್ಮಾ, ಗಿರಿಡಿಹ್ ಜಿಲ್ಲೆಗಳಲ್ಲಿ ೧೯೮೦ರ ಅರಣ್ಯ ಕಾಯ್ದೆ ಬಂದ ಮೇಲೆ ಬಹಳಷ್ಟು ಗಣಿಗಳು ಒಂದೊಂದಾಗಿ ಮುಚ್ಚಿದವು. ಕಾಗದದ ಮೇಲೆ ಮುಚ್ಚಿದವು. ಬಿಟ್ಟ ಗಣಿಯ ಕಸದಲ್ಲಿ ಚೂರು ಆಯುವುದು ನಿಲ್ಲಲಿಲ್ಲ. ಆಯುವವರಲ್ಲಿ ದಲಿತರಿದ್ದಾರೆ, ಆದಿವಾಸಿಗಳಿದ್ದಾರೆ, ಅವರ ಮಕ್ಕಳಿದ್ದಾರೆ. ೨೦೧೬ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಹುಡುಕಿಕೊಂಡು ಹೋದಾಗ, ಅಂಥ ಗಣಿಗಳಲ್ಲಿ ಮಣ್ಣು ಕುಸಿದು ಸತ್ತ ಮಕ್ಕಳ ಸಾವನ್ನೇ ಮುಚ್ಚಿಟ್ಟದ್ದು ಹೊರಬಂತು. ಗಣಿಯೇ ಇಲ್ಲ ಎಂದ ಮೇಲೆ ಗಣಿಯಲ್ಲಿ ಸತ್ತವನು ಎಲ್ಲಿಂದ ಬಂದ?

ಕೊನೆಗೆ, ತಗಡಿನ ಬ್ರಾಕೆಟ್ಟು. ಬಹಳ ಅಗ್ಗದ ಸಾಲು. ಇದನ್ನು ಪವರ್ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಗುರುಗ್ರಾಮ, ಮಾನೇಸರ್‌ಗಳಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ಇದೇ ಪ್ರೆಸ್ಸಿಗೆ ಬೆರಳು ಕೊಟ್ಟವರ ಲೆಕ್ಕವನ್ನು 'ಸೇಫ್ ಇನ್ ಇಂಡಿಯಾ' ಎಂಬ ಸಂಸ್ಥೆ ೨೦೧೯ರಿಂದ ಪ್ರಕಟಿಸುತ್ತ ಬಂದಿದೆ. ಹೆಚ್ಚಿನವರು ಊರು ಬಿಟ್ಟು ಬಂದ ಕೂಲಿಗಳು. ದೊಡ್ಡ ಕಂಪನಿಯ ಸ್ವಂತ ಷೆಡ್ಡಿನಲ್ಲಿ ಹೀಗಾಗುವುದು ಕಡಿಮೆ. ಅದಕ್ಕೆ ಮಾಲು ಕೊಡುವವನು, ಅವನಿಗೆ ಕೊಡುವವನು, ಹೀಗೆ ಮೂರನೆಯ ನಾಲ್ಕನೆಯ ಮೆಟ್ಟಿಲಿಗೆ ಇಳಿದಂತೆಲ್ಲ ಬೆರಳಿನ ಬೆಲೆಯೂ ಇಳಿಯುತ್ತದೆ.

೪

'ಅಷ್ಟು ದೂರದ್ದು ನಮಗೆ ಹೇಗ್ರೀ ಗೊತ್ತಾಗ್ಬೇಕು?' ಈ ಮಾತನ್ನು ಬಹಳ ಮಂದಿ ಹೇಳುತ್ತಾರೆ. ಕೆಟ್ಟವರು ಮಾತ್ರವಲ್ಲ, ಒಳ್ಳೆಯವರೂ ಹೇಳುತ್ತಾರೆ. ಇದು ಅರ್ಧ ನಿಜ.

ಇನ್ನರ್ಧ ಹೀಗಿದೆ. ಒಂದು ಚಿಪ್ಪನ್ನು ಕೈಗೆ ತೆಗೆದುಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಅದರ ಬೆನ್ನಿನ ಮೇಲೆ ಸಣ್ಣ ಅಕ್ಷರಗಳು ಕಾಣುತ್ತವೆ. ಯಾವ ವರ್ಷದ ಯಾವ ವಾರದಲ್ಲಿ ಆಯಿತು, ಯಾವ ಲಾಟಿನದು ಎಂಬ ಗುರುತು. ಆ ಚಿಪ್ಪು ಕೆಟ್ಟು ಯಂತ್ರ ನಿಂತರೆ, ಆ ಸಂಖ್ಯೆ ಹಿಡಿದು ಹಿಂದಕ್ಕೆ ಹೋಗಿ ಯಾವ ಕಾರ್ಖಾನೆಯ ಯಾವ ತಂಡದ ಮಾಲಿನಲ್ಲಿ ದೋಷ ಬಂತು ಎಂದು ಪತ್ತೆ ಹಚ್ಚುತ್ತಾರೆ. ಬೇರಿಂಗಿಗೂ ಹೀಗೇ, ಅಯಸ್ಕಾಂತಕ್ಕೂ ಹೀಗೇ. ಇನ್ನೊಂದು ನೋಡಿ. ಯುರೋಪಿಗೆ ಯಂತ್ರ ಕಳಿಸಬೇಕಾದರೆ ಅದರಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮಿತಿ ಮೀರಿಲ್ಲವೆಂದು ಕಾಗದ ಕೊಡಬೇಕು. ೨೦೦೬ರಿಂದ ಈ ನಿಯಮ ಇದೆ. ಸೀಸ ಸಾವಿರಕ್ಕೆ ಒಂದು ಪಾಲು ಮೀರುವಂತಿಲ್ಲ. ಕ್ಯಾಡ್ಮಿಯಂ ಹತ್ತು ಸಾವಿರಕ್ಕೆ ಒಂದು ಪಾಲು. ಅಷ್ಟು ಸೂಕ್ಷ್ಮ ನಮ್ಮ ಕಣ್ಣು!

ಅಂದಮೇಲೆ, ಮಾಲು ಕೆಟ್ಟರೆ ಹಿಂದಕ್ಕೆ ಹೋಗುವ ದಾರಿ ಇದೆ, ಕೈ ಕತ್ತರಿಸಿಹೋದರೆ ದಾರಿ ಇಲ್ಲ. ವಿಷ ಮಾಲಿನಲ್ಲಿದ್ದರೆ ಅಳೆಯುತ್ತೇವೆ, ಮಾಡಿದವನ ರಕ್ತದಲ್ಲಿದ್ದರೆ ಅಳೆಯುವುದಿಲ್ಲ. ಗೊತ್ತಾಗುವುದಿಲ್ಲ ಎಂಬುದು ಕಣ್ಣಿನ ದೋಷವಲ್ಲ. ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಎಂದು ಕಣ್ಣಿಗೆ ಯಾರೋ ಕಲಿಸಿದ್ದಾರೆ.

ಒಮ್ಮೆ ಒಬ್ಬ ವೆಂಡರನ್ನು ಕೇಳಿದೆ, ನಿಮ್ಮ ಬ್ರಾಕೆಟ್ಟು ಒತ್ತುವವರು ಯಾರು, ಪ್ರೆಸ್ಸಿಗೆ ಸೆನ್ಸರ್ ಹಾಕಿದ್ದೀರಾ ಎಂದು. ಅವರು ನಕ್ಕರು. 'ಏನ್ ಸಾರ್, ನಿಮಗೆ ಪಾರ್ಟ್ ಬೇಕೋ ಅದರ ಜಾತಕ ಬೇಕೋ?' ಅಂದರು. ತಮಾಷೆಯ ಮನುಷ್ಯ. ಆದರೆ ಅವರ ಮಾತಿನಲ್ಲಿ ಒಂದು ಸತ್ಯವಿತ್ತು. ನನ್ನ ಪಾರ್ಟಿನ ಜಾತಕ ಲಾಟ್ ನಂಬರಿನ ರೂಪದಲ್ಲಿ ಆಗಲೇ ನನ್ನ ಕೈಯಲ್ಲಿತ್ತು. ಜಾತಕವಿಲ್ಲದ್ದು ಅದನ್ನು ಒತ್ತಿದವನಿಗೆ.

೫

ಇದು ಹೊಸ ವಿದ್ಯೆಯಲ್ಲ. ಕಂಪ್ಯೂಟರು ಬರುವುದಕ್ಕೆ ಎಷ್ಟೋ ಶತಮಾನ ಮುಂಚೆ ನಮ್ಮ ಊರುಗಳು ಇದನ್ನು ಕಲಿತಿದ್ದವು.

ಕಪಿಲೆ ಬಾವಿಯನ್ನು ನೋಡಿದವರು ಈಗ ಕಡಿಮೆ. ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರೆತ್ತುವ ಬಾವಿ. ಆ ಚೀಲ ಹೊಲಿದವನು ಮಾದಿಗ. ಎಳೆಯುವ ಮಿಣಿ ಅವನು ಮಾಡಿದ್ದು, ಎತ್ತಿನ ಬೆನ್ನಿಗೆ ಬೀಳುವ ಬಾರುಕೋಲು ಅವನದು, ಗೌಡನ ಕಾಲಿನ ಮೆಟ್ಟು ಅವನದು. ಸತ್ತ ದನದ ತೊಗಲು ದಿನವೆಲ್ಲ ಬಾವಿಯ ನೀರಿನಲ್ಲಿ ಮುಳುಗಿ ಏಳುತ್ತಿತ್ತು, ನೀರು ಕೆಡಲಿಲ್ಲ. ಆ ತೊಗಲನ್ನು ಹೊಲಿದವನು ಅದೇ ಬಾವಿಯ ಕಟ್ಟೆ ಮುಟ್ಟಿದರೆ ನೀರು ಕೆಟ್ಟಿತು! ಮೃದಂಗದ ತೊಗಲು ಗರ್ಭಗುಡಿಯ ಎದುರು ನುಡಿಯಿತು, ಅದನ್ನು ಹದ ಮಾಡಿದವನು ಹೊರಗಿನ ಬೀದಿಯಲ್ಲಿ ನಿಂತ. ಹೊಲತಿ ನೆಟ್ಟ, ಕೊಯ್ದ, ಬಡಿದ ಭತ್ತ ಅಕ್ಕಿಯಾಗಿ ನೈವೇದ್ಯಕ್ಕೆ ಹೋಯಿತು.

ಹೇಗೆ ಇದು? ಅಶುದ್ಧಿ ಮುಟ್ಟಿದ್ದಕ್ಕೆಲ್ಲ ಅಂಟುವುದಾದರೆ ಮಾಲಿಗೂ ಅಂಟಬೇಕಿತ್ತಲ್ಲ? ಅಂಟಲಿಲ್ಲ. ಅಂಟಿದ್ದರೆ ಊರು ಉಪವಾಸ ಬೀಳುತ್ತಿತ್ತು. ಅದಕ್ಕೇ ಒಂದು ಉಪಾಯ: ಮಾಲಿಗೆ ಮಡಿ, ಕೈಗೆ ಮೈಲಿಗೆ. ಮಾಲು ಕೇರಿಯಿಂದ ಊರಿಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತನ್ನನ್ನು ಮಾಡಿದವನನ್ನು ಉದುರಿಸಿಕೊಂಡು ಬರುತ್ತದೆ. ಅಸ್ಪೃಶ್ಯತೆ ಬರಿಯ ನಂಬಿಕೆಯಲ್ಲ, ಅದೊಂದು ಸರಬರಾಜಿನ ಏರ್ಪಾಟು. ಅಂಬೇಡ್ಕರ್ ೧೯೩೬ರಲ್ಲೇ ಇದರ ಮೂಳೆ ಮುರಿದು ತೋರಿಸಿದರು: ಜಾತಿ ಕೆಲಸವನ್ನು ಹಂಚಿದ್ದಲ್ಲ, ಕೆಲಸಗಾರರನ್ನೇ ಸೀಳಿ ಮೇಲುಕೀಳಾಗಿ ಜೋಡಿಸಿದ್ದು ಎಂದು.

ಎಡಪಂಥದ ಗೆಳೆಯರು ಇಲ್ಲಿ ತಕರಾರು ತೆಗೆಯುತ್ತಾರೆ. ಕಾಂಗೋದಲ್ಲಿ, ಬಂಗ್ಕಾದಲ್ಲಿ ಜಾತಿ ಎಲ್ಲಿದೆ? ಇದು ಬಂಡವಾಳದ ಆಟ, ವರ್ಗದ ಪ್ರಶ್ನೆ, ಇದರೊಳಕ್ಕೆ ಮಡಿ ಮೈಲಿಗೆ ಯಾಕೆ ಎಳೆಯುತ್ತೀಯ ಅನ್ನುತ್ತಾರೆ. ನಮ್ಮ ಜಾತಿ ಅಲ್ಲಿ ಇಲ್ಲ, ಒಪ್ಪಿದೆ. ಬಂಡವಾಳದ ಆಟ ಎಂಬುದನ್ನೂ ಒಪ್ಪಿದೆ. ಆದರೆ ಕೂಲಿ ಕಡಿಮೆ ಕೊಟ್ಟದ್ದನ್ನು ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಮಾಲನ್ನು ಅಪ್ಪಿಕೊಂಡು ಮಾಡಿದವನನ್ನು ದೂರ ಇಡುವುದು, ಆ ದೂರವನ್ನೇ ಲಾಭದ ದಾರಿ ಮಾಡಿಕೊಳ್ಳುವುದು, ಆಮೇಲೆ ದೂರವಿದ್ದದ್ದಕ್ಕೇ ಗೊತ್ತಿಲ್ಲ ಅನ್ನುವುದು — ಈ ಮೂರನ್ನೂ ನಾವು ಇಲ್ಲಿ ಕಂಡು ಉಂಡಿದ್ದೇವೆ. ಉಂಡವರು ಬೇರೆ ಕಡೆ ಅದರ ವಾಸನೆ ಹಿಡಿಯಬಲ್ಲೆವು. ಇದು ನಮ್ಮ ನೋವು ಕಲಿಸಿದ ವಿದ್ಯೆ. ನಮ್ಮೊಬ್ಬರಿಗೇ ಮೀಸಲಿಟ್ಟುಕೊಳ್ಳುವಂಥದ್ದಲ್ಲ.

೬

ಈಗ ಬಹಳ ಕಷ್ಟದ ತಕರಾರಿಗೆ ಬರೋಣ. ಇದು ಹೊರಗಿನವರದ್ದಲ್ಲ, ನಮ್ಮವರದೇ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ೧೯೭೦ರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿ ಕೈಹಾಕಿದರು. ಕೇಂದ್ರದಲ್ಲಿ ೧೯೯೩ರಲ್ಲಿ ಒಂದು ಕಾನೂನು, ೨೦೧೩ರಲ್ಲಿ ಇನ್ನೊಂದು ಬಂತು. ನಡುವೆ ೨೦೧೦ರ ಜುಲೈಯಲ್ಲಿ ಸವಣೂರಿನಲ್ಲಿ ಭಂಗಿ ಜನ ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ನಿಂತರು. ಇಷ್ಟೆಲ್ಲ ಆದ ಮೇಲೂ ೨೦೧೯ರಿಂದ ೨೦೨೩ರವರೆಗಿನ ಐದು ವರ್ಷಗಳಲ್ಲಿ ಚರಂಡಿ, ಮಲದ ಗುಂಡಿಗಳಲ್ಲಿ ೩೭೭ ಜನ ಸತ್ತರೆಂದು ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿದೆ. ೨೦೨೪ರಲ್ಲಿ ಹೊರಬಂದ ಸರ್ಕಾರದ್ದೇ ಲೆಕ್ಕದಲ್ಲಿ, ಗುರುತಿಸಿದ ಸುಮಾರು ೩೮,೦೦೦ ಚರಂಡಿ ಕೆಲಸಗಾರರಲ್ಲಿ ನೂರಕ್ಕೆ ೯೨ ಮಂದಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರು. ಪರಿಶಿಷ್ಟ ಜಾತಿಯವರೇ ನೂರಕ್ಕೆ ೬೯ರ ಹತ್ತಿರ.

ಕೇರಳದಲ್ಲಿ ಇಂಜಿನಿಯರಿಂಗ್ ಓದಿದ ಹುಡುಗರು ಜೆನ್‌ರೊಬಾಟಿಕ್ಸ್ ಎಂಬ ಸಂಸ್ಥೆ ಕಟ್ಟಿ ಮ್ಯಾನ್‌ಹೋಲಿಗೆ ಇಳಿಯುವ ರೋಬೋಟ್ ಮಾಡಿದರು. ಹೆಸರು 'ಬ್ಯಾಂಡಿಕೂಟ್', ಅಂದರೆ ಹೆಗ್ಗಣ. ೨೦೧೮ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಮೇಲೆ ನಿಂತವನು ಪರದೆಯಲ್ಲಿ ನೋಡುತ್ತ ಗುಂಡಿ ಒತ್ತಿದರೆ ಕೆಳಗೆ ಯಂತ್ರದ ಕೈ ಹೂಳೆತ್ತುತ್ತದೆ.

ಆಗ ನಮ್ಮವರು ಕೇಳುತ್ತಾರೆ: 'ನಮ್ ಹುಡುಗನ್ನ ಗುಂಡಿಯಿಂದ ಮೇಲಕ್ಕೆತ್ತೋ ಯಂತ್ರ ಬಂದೈತೆ. ನೀನು ಕಾಂಗೋ ಕತೆ ತೆಗೀತೀಯಲ್ಲೋ. ಹೊಟ್ಟೆ ತುಂಬಿದವನ ಪ್ರಶ್ನೆ ಇದು.' ಈ ಮಾತಿನ ಮುಂದೆ ತಲೆ ತಗ್ಗಿಸಬೇಕು. ಯಂತ್ರ ಬರಲೇಬೇಕು. ಎಲ್ಲ ಊರಿಗೂ, ಇವತ್ತೇ ಬರಬೇಕು. ಅದರ ಪಟ್ಟಿಯ ಎಲ್ಲ ಸಾಲು ಸರಿಯಾಗಲಿ, ಆಮೇಲೆ ಕೊಳ್ಳೋಣ ಎಂದು ಯಾವ ನಗರಸಭೆಯಾದರೂ ಹೇಳಿದರೆ ಅದು ನೆಪ. ಗುಂಡಿಯೊಳಗೆ ಇರುವವನ ಉಸಿರು ಕಾಯುವುದಿಲ್ಲ.

ಆದರೆ ಅಲ್ಲಿಗೆ ಮಾತು ಮುಗಿಯಲಿಲ್ಲ. ಅಂಥ ಯಾವ ಯಂತ್ರದೊಳಗೂ ಬೋರ್ಡಿದೆ, ಬೆಸುಗೆಯಿದೆ, ತಗಡಿದೆ. ಆ ಸಾಲುಗಳ ತುದಿಯಲ್ಲೂ ಗುಂಡಿಗಳಿವೆ. ನಮ್ಮವನು ಒಂದು ಗುಂಡಿಯಿಂದ ಮೇಲೆ ಬರುವುದಕ್ಕೆ ಇನ್ನೊಬ್ಬರ ಮಗ ಇನ್ನೊಂದು ಗುಂಡಿಗೆ ಇಳಿಯಬೇಕು ಎಂಬುದು ನಿಯಮವಾದರೆ, ಅದು ಬಿಡುಗಡೆಯಲ್ಲ. ನಮ್ಮ ಮೈಲಿಗೆಯನ್ನು ಮುಂದಿನವನಿಗೆ ದಾಟಿಸಿದಂತೆ. ಒಂದು ಮೆಟ್ಟಿಲು ಮೇಲೇರಿ ಕೆಳಗಿನವನನ್ನು ಒದೆಯುವುದನ್ನು ಜಾತಿ ನಮಗೆಲ್ಲ ಕಲಿಸಿದೆ. ಆ ಪಾಠವನ್ನು ಜಗತ್ತಿನ ಅಳತೆಯಲ್ಲಿ ಮಾಡುವುದಕ್ಕೆ ನಾವು ಹೋರಾಟ ಕಟ್ಟಲಿಲ್ಲ.

೭

ಹಾಗಾದರೆ ಏನು ಮಾಡುವುದು? ಕೂಡಲೇ ಹೊಳೆಯುವ ಉತ್ತರ: ಅಂಥ ಕಡೆಯಿಂದ ಕೊಳ್ಳಬಾರದು, ಬಹಿಷ್ಕರಿಸಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಹಿಷ್ಕಾರ ಎಂಬ ಶಬ್ದವನ್ನು ನಮ್ಮಷ್ಟು ಬಲ್ಲವರು ಯಾರು?

೨೦೧೦ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು, ಡಾಡ್-ಫ್ರ್ಯಾಂಕ್ ಕಾಯ್ದೆ. ಅದರ ಒಂದು ಕಲಮು ಹೇಳಿತು: ನಿಮ್ಮ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಕಾಂಗೋ ಸೀಮೆಯ ಬಂದೂಕುಗಾರರ ಜೇಬು ತುಂಬಿಸಿಲ್ಲವೆಂದು ಪತ್ತೆ ಮಾಡಿ ತಿಳಿಸಿ. ಉದ್ದೇಶ ಒಳ್ಳೆಯದೇ. ಅಲ್ಲಿಂದ ಪರ್ಚೇಸ್‌ನವರ ಮೇಜಿಗೆ ಹೊಸ ನಮೂನೆ ಬಂತು, ಯಾವ ಕುಲುಮೆಯಲ್ಲಿ ಕರಗಿದ್ದು ಎಂದು ಬರೆಯುವುದಕ್ಕೆ. ಆದರೆ ಬಹಳ ಕಂಪನಿಗಳು ಸುಲಭದ ದಾರಿ ಹಿಡಿದವು. ಪತ್ತೆ ಮಾಡುವ ಗೋಜೇ ಬೇಡ, ಆ ಸೀಮೆಯ ಮಾಲೇ ಬೇಡ ಎಂದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾಂಗೋದ ಅಧ್ಯಕ್ಷರು ಪೂರ್ವ ಸೀಮೆಯಲ್ಲಿ ಗಣಿಗಾರಿಕೆಯನ್ನೇ ಕೆಲವು ತಿಂಗಳು ನಿಲ್ಲಿಸಿದರು. ಬಂದೂಕು ಹಿಡಿದವನು ಬೇರೆ ದಾರಿ ನೋಡಿಕೊಂಡ. ಹಾರೆ ಹಿಡಿದವನ ಮನೆಯ ಒಲೆ ಆರಿತು.

ಇಲ್ಲಿ ಏನಾಯಿತು ನೋಡಿ. ಕೊಳ್ಳುವವನು ತನ್ನ ಕೈ ತೊಳೆದುಕೊಂಡ, ಶುದ್ಧನಾದ. ಪೆಟ್ಟಿಗೆಯ ಮೇಲೆ ಶುದ್ಧವೆಂಬ ಚೀಟಿ ಅಂಟಿತು. ಅಗೆಯುವವನ ಪಾಡು ಅಗೆಯುವವನಿಗೆ. ಇದು ಮಡಿಯಲ್ಲದೆ ಇನ್ನೇನು? ನಾನು ಮುಟ್ಟಲಿಲ್ಲ, ಆದ್ದರಿಂದ ನನಗೆ ಪಾಪವಿಲ್ಲ ಎಂಬುದು ಅಗ್ರಹಾರದ ತರ್ಕ. ಅದೇ ತರ್ಕ ಈಗ ಇಂಗ್ಲಿಷ್ ಮಾತಾಡುತ್ತಿದೆ.

ಕೋಬಾಲ್ಟ್ ಇಲ್ಲದ ಲಿಥಿಯಂ ಬ್ಯಾಟರಿಯೂ ಇದೆ, ಕಬ್ಬಿಣ ಮತ್ತು ಫಾಸ್ಫೇಟಿನದು. ಅಗ್ಗ, ಬೇಗ ಬೆಂಕಿ ಹಿಡಿಯುವುದಿಲ್ಲ. ಆ ಕಾರಣಕ್ಕೆ ಅದನ್ನು ಕೊಳ್ಳಬಹುದು, ಕೊಳ್ಳುತ್ತ ಇದ್ದಾರೆ. ಆದರೆ ಅದನ್ನು ಕೊಂಡು ಕಾಂಗೋದ ಮಗುವಿಗೆ ಉಪಕಾರ ಮಾಡಿದೆ ಎಂದು ಯಾರೂ ಬೀಗಬೇಕಾಗಿಲ್ಲ. ಮಗು ಅಲ್ಲೇ ಇದೆ. ನಾವು ಮುಖ ತಿರುಗಿಸಿದೆವು ಅಷ್ಟೆ.

ನಮಗೆ ಬೇಕಾದದ್ದು ಮಡಿಯಲ್ಲ, ಹೊಣೆ. ಮಡಿ ತನ್ನ ಕೈಯ ಬಗ್ಗೆ ಯೋಚಿಸುತ್ತದೆ, ಹೊಣೆ ಎದುರಿನ ಕೈಯ ಬಗ್ಗೆ. ಮಡಿಯವನು ದೂರ ಹೋಗುತ್ತಾನೆ. ಹೊಣೆಯವನು ಹತ್ತಿರ ಬರುತ್ತಾನೆ, ಕೇಳುತ್ತಾನೆ, ದುಡ್ಡು ಕೊಡುತ್ತಾನೆ, ಅಲ್ಲೇ ನಿಲ್ಲುತ್ತಾನೆ.

೮

ಇದು ಕವಿಯ ಕನಸಿನ ಮಾತೆಂದು ತಳ್ಳಿಹಾಕಬೇಡಿ. ಇದಕ್ಕೆ ನಮ್ಮಲ್ಲೇ ದಾಖಲೆ ಇದೆ.

ಅಂಬೇಡ್ಕರ್ ೧೯೪೨ರಿಂದ ೧೯೪೬ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದರು. ನಾವು ಅವರನ್ನು ಸಂವಿಧಾನದ ಜೊತೆಗೇ ನೆನೆಯುತ್ತೇವೆ, ಈ ನಾಲ್ಕು ವರ್ಷಗಳನ್ನು ಮರೆಯುತ್ತೇವೆ. ೧೯೪೩ರ ಡಿಸೆಂಬರಿನಲ್ಲಿ ಅವರು ಧನಬಾದಿನ ಕಲ್ಲಿದ್ದಲು ಗಣಿಗೆ ತಾವೇ ಇಳಿದು ನೋಡಿದರು. ಮುಂದಿನ ತಿಂಗಳೇ, ೧೯೪೪ರ ಜನವರಿಯಲ್ಲಿ, ಗಣಿಯಿಂದ ಹೊರಡುವ ಕಲ್ಲಿದ್ದಲಿನ ಟನ್ನು ಟನ್ನಿಗೂ ಒಂದು ತೆರಿಗೆ ಹಾಕಿ, ಆ ಹಣ ಗಣಿ ಕಾರ್ಮಿಕರ ಮನೆ, ನೀರು, ಆಸ್ಪತ್ರೆಗಳಿಗೇ ಹೋಗಬೇಕೆಂಬ ಸುಗ್ರೀವಾಜ್ಞೆ ಬಂತು. ೧೯೪೬ರಲ್ಲಿ ಅಭ್ರಕ ಗಣಿ ಕಾರ್ಮಿಕರ ಕ್ಷೇಮನಿಧಿ ಕಾಯ್ದೆ ಬಂತು. ಹೊರದೇಶಕ್ಕೆ ಹೋಗುವ ಕಾಗೆಬಂಗಾರದ ಮೇಲೆ ಸುಂಕ, ಆ ಸುಂಕ ಅದನ್ನು ಅಗೆದವರಿಗೆ.

ಎಂಥ ಸರಳ ಯೋಚನೆ! ಕಲ್ಲು ಹೋದ ದಾರಿಯಲ್ಲೇ ದುಡ್ಡು ಹಿಂದಕ್ಕೆ ಬರಬೇಕು. ಯಾರೂ ಕೊಳ್ಳುವುದನ್ನು ನಿಲ್ಲಿಸಬೇಕಾಗಿಲ್ಲ. ಕೊಂಡವನು ಪುಣ್ಯವಂತನಾಗಬೇಕಾಗಿಲ್ಲ. ಮಾಲು ತನ್ನನ್ನು ಮಾಡಿದವನನ್ನು ದಾರಿಯಲ್ಲಿ ಉದುರಿಸದಂತೆ ಒಂದು ದಾರ ಕಟ್ಟಿದರು. ಆಮೇಲೆ ಕೊಡರ್ಮಾದಲ್ಲಿ ಆದದ್ದನ್ನು ಮೇಲೆ ಹೇಳಿದೆ. ಗಣಿಯೇ ಇಲ್ಲವೆಂದು ಕಾಗದ ಹೇಳಿದ ದಿನ ದಾರವೂ ಹರಿಯಿತು. ಕಾಗದದಲ್ಲಿ ಇಲ್ಲದ ಕೈಗೆ ಯಾವ ನಿಧಿಯೂ ತಲುಪುವುದಿಲ್ಲ. ಅದಕ್ಕೇ ಆ ಕೈಯ ಹೆಸರು ಪಟ್ಟಿಗೆ ಬರಬೇಕೆಂದು ನಾನು ಇಷ್ಟು ಹಟ ಹಿಡಿಯುವುದು.

ಗೆಳೆಯರೆ, ಕಾಚಿನ್ ಗುಡ್ಡವನ್ನು ನೀವು ನಾನು ನಾಳೆಯೇ ನಿಲ್ಲಿಸಲಾರೆವು. ಆದರೆ ನಮ್ಮ ಕೈಗೆ ಸಿಗುವ ತುದಿಗಳಿವೆ. ನಿಮ್ಮ ಊರಿನ ನಗರಸಭೆ ಚರಂಡಿ ಯಂತ್ರ ಕೊಳ್ಳುವಾಗ ಟೆಂಡರು ಕರೆಯುತ್ತದೆ. ಅದು ನಮ್ಮ ದುಡ್ಡು. ಆ ಟೆಂಡರಿನಲ್ಲಿ ಮೋಟರಿನ ಶಕ್ತಿ ಎಷ್ಟಿರಬೇಕೆಂದು ಬರೆದಿರುತ್ತಾರೆ. ಅದನ್ನು ನಡೆಸುವ ಕೆಲಸ ಈವರೆಗೆ ಗುಂಡಿಗೆ ಇಳಿದವನಿಗೇ ಖಾಯಂ ಆಗಿ ಸಿಗಬೇಕು, ಬಿಡಿಭಾಗ ಒತ್ತುವ ಷೆಡ್ಡಿನ ಪ್ರೆಸ್ಸುಗಳಿಗೆ ಕಾಪು ಇರಬೇಕು, ಅಲ್ಲಿನ ಆಳುಗಳ ಹೆಸರು ಇ.ಎಸ್.ಐ. ಪುಸ್ತಕದಲ್ಲಿರಬೇಕು ಎಂದೂ ಬರೆಸಬಹುದು. ಬರೆದಿದ್ದಾರೋ ಇಲ್ಲವೋ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಪೀಣ್ಯದಲ್ಲಿ, ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ ಸಂಘ ಕಟ್ಟುವವರು ದೊಡ್ಡ ಕಂಪನಿಯ ಗೇಟಿನ ಮುಂದೆ ನಿಂತಾಗ, ಅದಕ್ಕೆ ಮಾಲು ಕೊಡುವ ಮೂರನೆಯ ಮೆಟ್ಟಿಲಿನ ಷೆಡ್ಡಿನವನ ಬೆರಳನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಬಹುದು. ನನ್ನಂತೆ ಪರ್ಚೇಸ್ ಮೇಜಿನ ಹಿಂದೆ ಕೂತ ಹುಡುಗ ಹುಡುಗಿಯರು, ನಕ್ಕರೂ ಬಿಡದೆ, ಪ್ರತಿ ಸಲ ಆ ಒಂದು ಪ್ರಶ್ನೆ ಕೇಳಬಹುದು. ಹತ್ತು ಕಡೆಯಿಂದ ಕೇಳಿದ ಪ್ರಶ್ನೆ ನಿಯಮವಾಗುತ್ತದೆ.

ಮೇಷ್ಟ್ರುಗಳಿಗೆ ಒಂದು ಮಾತು. ಕೆಟ್ಟುಹೋದ ಒಂದು ಮೊಬೈಲನ್ನೋ ಮಿಕ್ಸಿಯ ಮೋಟರನ್ನೋ ತರಗತಿಗೆ ತಂದು ಮಕ್ಕಳ ಮುಂದೆ ಬಿಚ್ಚಿ, ಬ್ಯಾಟರಿ ಮಾತ್ರ ಮುಟ್ಟಬೇಡಿ. ಇದು ತಾಮ್ರ, ಇದು ತವರ, ಇದು ಅಯಸ್ಕಾಂತ ಎಂದು ವಿಜ್ಞಾನದ ಪಾಠ ಮಾಡಿ. ಆಮೇಲೆ ಭೂಪಟ ಬಿಡಿಸಿ ಎಲ್ಲೆಲ್ಲಿಂದ ಬಂತು ಎಂದು ತೋರಿಸಿ. ಕೊನೆಗೆ, ಇದನ್ನು ಮುಟ್ಟಿದ ಕೈಗಳೆಷ್ಟು ಎಂದು ಕೇಳಿ. ನಮ್ಮ ಕೇರಿಯ ಮಕ್ಕಳು ಈ ಪ್ರಶ್ನೆಗೆ ಬೇಗ ಉತ್ತರ ಹೇಳುತ್ತಾರೆ. ಅವರ ಮನೆಯ ಕೈಗಳೂ ಯಾವುದೋ ಪಟ್ಟಿಯಿಂದ ಬಿಟ್ಟುಹೋದವೇ.

ಚಾಪೆಕ್‌ನ ನಾಟಕದಲ್ಲಿ ಕೊನೆಗೆ ಆ ಆಳುಗಳು ದಂಗೆ ಏಳುತ್ತಾರೆ. ನಮ್ಮ ಯಂತ್ರಗಳು ದಂಗೆ ಏಳುವುದಿಲ್ಲ, ಅವಕ್ಕೆ ನೋವಿಲ್ಲ. ನೋವಿರುವುದು ಅವನ್ನು ಮಾಡಿದವರಿಗೆ. ಅವರಿಗೂ ನಮಗೂ ನಡುವೆ ಏಳೆಂಟು ದಲ್ಲಾಳಿಗಳು, ಎರಡು ಸಮುದ್ರ, ಒಂದು ಪಟ್ಟಿ ಇದೆ. ಪಟ್ಟಿಗೆ ಇನ್ನೊಂದು ಕಾಲಂ ಎಳೆಯುವುದಕ್ಕೆ ಒಂದು ಗೆರೆ ಸಾಕು.